ಮಗಳನ್ನ ಬಿ.ಎಸ್ಸಿ. ನರ್ಸಿಂಗ್‌ಗೆ ಹಾಕ್ಬೇಕೋ ಬೇಡವೋ? ಬೀದಿಗೊಂದು ಕಾಲೇಜು ಐತಿ, ವಾರ್ಡಿನಾಗ ಸಿಸ್ಟರ್ ಯಾಕಿಲ್ಲ?

ರಾಣೇಬೆನ್ನೂರು ಅಪ್ಪ · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸ್ಯಾಳ. ನೀಟ್‌ನಾಗ ಹೇಳಿಕೊಳ್ಳುವಂಥಾ ರ‍್ಯಾಂಕ್ ಬರಲಿಲ್ಲ. ನರ್ಸಿಂಗ್ ಮಾಡ್ತೀನಿ ಅಂತ ಹಟ ಹಿಡದಾಳ. ಸಿಇಟಿ ಬರದಾಳ, ಕಾಲೇಜು ಆರಿಸಿ ಹಾಕೋ ಆಪ್ಷನ್ ಎಂಟ್ರಿ ಇನ್ನೇನು ಶುರು ಆಕ್ಕೈತಿ. ನಮ್ಮ ಮನಿತನದಾಗ ಈ ಕೆಲಸ ಮಾಡಿದವರು ಯಾರೂ ಇಲ್ಲ, ಹಿಂಗಾಗಿ ಕೇಳಾಕ ಬಂದೀನಿ.

ಒಬ್ಬ ಏಜೆಂಟ್ ಮನಿಗೇ ಬಂದಿದ್ದ. ಬೆಂಗಳೂರಿನಾಗ ಸೀಟು, ನಾಲ್ಕು ವರ್ಷಕ್ಕ 6 ಲಕ್ಷ ಪ್ಯಾಕೇಜು, ಹಾಸ್ಟೆಲ್ ಊಟ ಎಲ್ಲಾ ಸೇರಿ ಅಂದ. ಹೋಗುವಾಗ ಹೊಸ್ತಿಲದಾಗ ನಿಂತು, "ದಿನಾ ಕ್ಲಾಸಿಗೆ ಹೋಗಲೇಬೇಕು ಅಂತೇನಿಲ್ರಿ, ಪರೀಕ್ಷೆಗೆ ಬಂದ್ರ ಸಾಕು" ಅಂದ. ಅದು ನನಗ ಚುಚ್ಚಿತು. ಸೂಜಿ ಹಾಕೋದು ಮನ್ಯಾಗ ಕುಂತು ಹೆಂಗ ಕಲೀತಾರ?

ಇನ್ನೊಂದು ಮಾತು. ಹೋದ ತಿಂಗಳ ನಮ್ಮವ್ವ ಬಿದ್ದು ತೊಡಿ ಎಲುಬು ಮುರಕೊಂಡಳು. ಒಂದು ದೊಡ್ಡ ಸರ್ಕಾರಿ ದವಾಖಾನ್ಯಾಗ ಒಂಬತ್ತು ದಿನ ಇದ್ವಿ. ವಾರ್ಡಿನಾಗ 32 ಕಾಟು ಎಣಿಸೀನಿ. ರಾತ್ರಿಗೆ ಒಬ್ಬಾಕಿ ಸಿಸ್ಟರ್. ಬಾಟ್ಲಿ ಖಾಲಿ ಆಗಿ ನಳಿಗೆಯೊಳಗ ರಕ್ತ ಹಿಂದಕ್ಕ ಏರಾಕ ಹತ್ತಿತ್ತು, ಕರಿಯಾಕ ಓಡಿದ್ರ ಆಕಿ ಆ ಕಡೆ ತುದೀಗೆ ಇನ್ನೊಬ್ಬರ ಬಾಯಿಗೆ ಆಕ್ಸಿಜನ್ ಹಚ್ಚಾಕ ಹತ್ತಿದ್ದಳು. ಬೈಯಾಕ ಬಾಯಿ ಬರಲಿಲ್ಲ. ಹೊರಗ ಬಂದು ನೋಡಿದ್ರ ರಸ್ತೆ ತುಂಬ ನರ್ಸಿಂಗ್ ಕಾಲೇಜಿನ ಬೋರ್ಡು. ಇಷ್ಟೂ ಹುಡುಗ್ಯಾರು ಕಲಿತು ಎಲ್ಲಿಗೆ ಹೊಂಟ್ರು?

ನೈಟ್ ಡ್ಯೂಟಿ ಸಿಸ್ಟರ್ · ಸೋಮವಾರ ರಾತ್ರಿ 10:05

ಅಣ್ಣಾ, ಮೊದಲು ಅಮ್ಮ ಹೇಗಿದ್ದಾರೆ? ಬೆನ್ನಲ್ಲಿ ಹುಣ್ಣಾಗಿಲ್ಲ ತಾನೇ? ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ, ವಾರ್ಡಲ್ಲಿ ಯಾರೂ ಹೇಳಿರಲ್ಲ.

ಆ ಒಬ್ಬ ಸಿಸ್ಟರ್ ಜಾಗದಲ್ಲಿ ನಾನು ಎಷ್ಟೋ ರಾತ್ರಿ ನಿಂತಿದ್ದೀನಿ. ಏಳು ವರ್ಷ ಪ್ರೈವೇಟು, ಈಗ ನಾಲ್ಕು ವರ್ಷದಿಂದ ಸರ್ಕಾರಿ. ನಿಮ್ಮ ಪ್ರಶ್ನೆಗೆ ನನ್ನ ಹತ್ರ ಇರೋದು ಒಂದು ಲೆಕ್ಕ ಅಷ್ಟೆ.

ವಾರ್ಡಲ್ಲಿ ಒಂದು ಕುರ್ಚಿ ಇದೆ ಅನ್ಕೊಳ್ಳಿ. ಅದರಲ್ಲಿ ಹಗಲೂ ರಾತ್ರಿ, ವರ್ಷಪೂರ್ತಿ ಒಬ್ಬ ನರ್ಸ್ ಇರ್ಬೇಕು. ದಿನಕ್ಕೆ ಮೂರು ಶಿಫ್ಟು, ವರ್ಷಕ್ಕೆ 1,095. ಒಬ್ಬ ನರ್ಸ್ ವಾರದ ರಜೆ, ಹಬ್ಬದ ರಜೆ, ಸಿಎಲ್, ಇಎಲ್ ಕಳೆದು ಹೆಚ್ಚೂ ಕಡಿಮೆ 285 ದಿನ ಡ್ಯೂಟಿ ಮಾಡ್ತಾಳೆ. ಭಾಗಿಸಿ ನೋಡಿ. ಒಂದು ಕುರ್ಚಿಗೆ ನಾಲ್ಕು ಜನ ಬೇಕು. ರಾತ್ರಿ ಒಬ್ಬರ ಬದಲು ಇಬ್ಬರು ಇರ್ಲಿ, ಹಗಲು ಮೂವರು ಇರ್ಲಿ ಅಂದ್ರೆ ಹತ್ತರ ಹತ್ರ ಹೋಗುತ್ತೆ. ಈಗ ನಿಮ್ಮ ವಾರ್ಡಿಗೆ ಮಂಜೂರಾದ ಹುದ್ದೆ ಎಷ್ಟು ಅಂತ ಅಲ್ಲಿನ ಇನ್‌ಚಾರ್ಜ್ ಸಿಸ್ಟರ್‌ನ ಕೇಳಿ. ನಾಲ್ಕೋ ಐದೋ ಅಂತಾರೆ. ಅದರಲ್ಲಿ ಒಬ್ಬರು ಹೆರಿಗೆ ರಜೆ, ಒಬ್ಬರು ಡೆಪ್ಯುಟೇಷನ್, ಒಬ್ಬರು ರಿಟೈರ್ ಆಗಿ ಹುದ್ದೆ ಖಾಲಿ.

ಹುಡುಗಿಯರು ಸಿಗದೆ ಹೀಗಾಗಿದ್ದಲ್ಲ ಅಣ್ಣ. ಹುದ್ದೇನೇ ಇಲ್ಲ. ಇರೋ ಹುದ್ದೆ ಹಳೇ ಕಾಲದ ಹಾಸಿಗೆ ಲೆಕ್ಕದ್ದು. ಆಸ್ಪತ್ರೆಗೆ ಮೇಲೆ ಎರಡು ಮಹಡಿ ಏರಿಸ್ತಾರೆ, ರಿಬ್ಬನ್ ಕಟ್ ಮಾಡ್ತಾರೆ, ನರ್ಸ್ ಹುದ್ದೆ ಮಾತ್ರ ಏರಲ್ಲ.

ಕಲಬುರಗಿ ಬ್ರದರ್ · ಸೋಮವಾರ ರಾತ್ರಿ 10:31

ಅಕ್ಕಾರು ಹೇಳಿದ್ದು ಖರೇ ಅದರಿ. ನಾ 24×7 ಪಿಎಚ್‌ಸಿದಾಗ ಇದ್ದೀನಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗಿ. ಮೂರು ಶಿಫ್ಟಿಗಿ ಮೂರು ಮಂದಿ. ಅಕ್ಕಾರ ಲೆಕ್ಕದ ಪ್ರಕಾರ ನಾಲ್ಕನೇದವರು ಎಲ್ಲಿ? ಇಲ್ಲ. ಹಿಂಗಾಗಿ ಒಬ್ಬರ ಮನ್ಯಾಗ ಲಗ್ನ ಇತ್ತಂದ್ರ ಉಳಿದ ಇಬ್ಬರು 12-12 ತಾಸು. ಹೋದ ಶ್ರಾವಣದಾಗ ನಾ 36 ತಾಸು ಒಂದೇ ಸಮ ಇದ್ದೆ, ಎರಡು ಹೆರಿಗಿ, ಒಂದು ಹಾವು ಕಡದ ಕೇಸು.

ಇನ್ನ ಗುತ್ತಿಗಿ ಅಂದ್ರ ಏನಂತ ತಿಳೀರಿ. ಪ್ರತಿ ವರ್ಷ ಮಾರ್ಚ್ ಬಂತಂದ್ರ ರಿನಿವಲ್ ಆಗ್ತದೋ ಇಲ್ಲೋ ಅಂತ ಎದ್ಯಾಗ ಅವಲಕ್ಕಿ ಕುಟ್ಟತದ. ಅದೇ ಕೆಲಸ, ಅದೇ ಸಿರಿಂಜ್, ಬಾಜೂದ ಕುರ್ಚಿಯಾಗಿನ ಪರ್ಮನೆಂಟ್ ಸಿಸ್ಟರ್ ಪಗಾರ ನನಗಿಂತ ಎರಡು ಪಟ್ಟಿಗಿ ಮೇಲೆ. ಆಕಿ ಮ್ಯಾಲ ಸಿಟ್ಟಿಲ್ಲ ನನಗ, ಆಕಿದು ಬರೋಬ್ಬರಿ ಪಗಾರ. ನಂದು ಕಡಿಮಿ.

ಗಂಡು ಹುಡುಗರು ಯಾರರೆ ಓದಲಿಕತ್ತಿದ್ರ ಒಂದು ಹೇಳ್ತೀನಿ. ಏಮ್ಸ್‌ದವರು ನರ್ಸ್ ನೇಮಕಾತಿಗಿ ಮಾಡೋ ನಾರ್ಸೆಟ್ ಪರೀಕ್ಷಾದಾಗ 80 ಭಾಗ ಹೆಣ್ಣುಮಕ್ಕಳಿಗಿ, 20 ನಮಗ. ತಿಳಕೊಂಡೇ ಇಳೀರಿ.

ಪ್ರವೇಶ ಸಹಾಯ · ಸೋಮವಾರ ರಾತ್ರಿ 11:02

[ಈ ಪೋಸ್ಟ್ ತೆಗೆಯಲಾಗಿದೆ]

ನಿರ್ವಾಹಕ · ಸೋಮವಾರ ರಾತ್ರಿ 11:09

ಸೀಟು ಕೊಡಿಸ್ತೀವಿ ಅಂತ ಫೋನ್ ನಂಬರ್ ಹಾಕೋರಿಗೆ ಇಲ್ಲಿ ಜಾಗ ಇಲ್ಲ. ಈ ವಾರ ಇದು ಮೂರನೇದು. ಯಾರಾದ್ರೂ ಆ ನಂಬರ್ ಬರ್ಕೊಂಡಿದ್ರೆ ಹರಿದು ಹಾಕಿ.

ಕಡಲೂರ ಬೋಧಕಿ · ಮಂಗಳವಾರ ಬೆಳಿಗ್ಗೆ 6:48

ನಾನು ಮಂಗಳೂರು ಕಡೆಯವಳು, ನರ್ಸಿಂಗ್ ಕಲಿಸಲು ಶುರು ಮಾಡಿ ಹದಿನಾರು ವರ್ಷ ಆಯಿತು. ಸರ್, ಏಜೆಂಟ್ ಹೇಳಿದ್ದಕ್ಕೆ ನಮ್ಮ ಕಡೆ ಒಂದು ಹೆಸರೇ ಉಂಟು, "ನಾನ್ ಅಟೆಂಡಿಂಗ್". ನಿಯಮ ಏನು ಹೇಳ್ತದೆ ಅಂದರೆ, ಪರೀಕ್ಷೆಗೆ ಕೂರಲು 80% ಹಾಜರಿ ಬೇಕು, ಡಿಗ್ರಿ ಕೈಗೆ ಬರಲು ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ನಿಂತು ಕಲಿಯುವುದು, 100% ಮುಗಿದಿರಬೇಕು. ಹತ್ತು ಮಕ್ಕಳಿಗೆ ಒಬ್ಬ ಬೋಧಕರು. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಪೇರೆಂಟ್ ಹಾಸ್ಪಿಟಲ್, ಅಂದರೆ ತನ್ನದೇ ಆಸ್ಪತ್ರೆ. ಕಾಗದದಲ್ಲಿ ಎಲ್ಲ ಚಂದ.

ಇನ್ನು ಲಾಗ್ ಬುಕ್ ವಿಷಯ, ಮಕ್ಕಳು ತಾವು ಮಾಡಿದ ಕೆಲಸ ಬರೆದಿಡುವ ಪುಸ್ತಕ. ಅದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾವು ಹಲವು ವರ್ಷ ನಡೆಸಿದ ಹಳೆ ಸಿಲೆಬಸ್‌ನಲ್ಲಿ ಬಿ.ಎಸ್ಸಿ. ಹುಡುಗಿ ಒಬ್ಬಳು ಸ್ವತಃ 20 ಸಹಜ ಹೆರಿಗೆ ಮಾಡಿಸಬೇಕಿತ್ತು. ಒಂದು ಬ್ಯಾಚಿಗೆ 60 ಮಕ್ಕಳು ಅಂತ ಇಟ್ಟುಕೊಳ್ಳಿ, 1,200 ಹೆರಿಗೆ ಆಯಿತು. ಅದೇ ಆಸ್ಪತ್ರೆಗೆ ಇನ್ನೆರಡು ಕಾಲೇಜಿನವರೂ ಬರ್ತಾರೆ, ಜಿಎನ್‌ಎಂ ಡಿಪ್ಲೊಮಾದವರೂ ಬರ್ತಾರೆ, ಮೆಡಿಕಲ್ ಇದ್ದರೆ ಹೌಸ್ ಸರ್ಜನ್‌ಗಳೂ ಉಂಟು. ಮೇಲಿಂದ ನಮ್ಮ ರಾಜ್ಯದಲ್ಲಿ ಹತ್ತರಲ್ಲಿ ಮೂರು ಹೆರಿಗೆ ಸಿಸೇರಿಯನ್, ಪ್ರೈವೇಟಿನಲ್ಲಿ ಇನ್ನೂ ಜಾಸ್ತಿ. ಉಳಿದ ಸಹಜ ಹೆರಿಗೆ ಎಷ್ಟು ಮಂದಿಗೆ ಹಂಚುವುದು ಮಾರಾಯ್ರೆ?

ಆಗ ಎಂತ ಆಗ್ತದೆ ಅಂದರೆ, ಒಬ್ಬಳು ಮಾಡಿಸಿದ ಹೆರಿಗೆಯನ್ನು ಎಂಟು ಮಂದಿ ಬರೆದುಕೊಳ್ತಾರೆ. ತಾಯಿಯ ಐಪಿ ನಂಬರ್, ಮಗುವಿನ ತೂಕ, ಎಲ್ಲ ಅದೇ. ಹಿಂದೊಮ್ಮೆ ನಾನು ಬೇರೊಂದು ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷಕಳಾಗಿ ಹೋಗಿದ್ದೆ. ಮೂರು ಮಕ್ಕಳ ಪುಸ್ತಕದಲ್ಲಿ ಒಂದೇ ದಿನ, ಒಂದೇ ಹೊತ್ತು, 2 ಕೆಜಿ 850 ಗ್ರಾಂ ಮಗು. ಮೂರು ಜನ ಹಿಡಿದರಾ ಒಂದೇ ಮಗುವನ್ನು ಅಂತ ಕೇಳಿದೆ. ಹುಡುಗಿ ಅಳಲಿಕ್ಕೆ ಶುರು ಮಾಡಿದಳು. ಅವಳದ್ದೇನು ತಪ್ಪು? ಲೇಬರ್ ರೂಮಿನಲ್ಲಿ ಅವಳಿಗೆ ನಿಲ್ಲಲಿಕ್ಕೆ ಜಾಗ ಕೊಟ್ಟಿದ್ದು ಗೋಡೆ ಬದಿಯಲ್ಲಿ.

ಈ ಹುಡುಗಿ ಪಾಸಾಗಿ, ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಶನ್ ಮಾಡಿಸಿ, ರಾಜ್ಯದ ನರ್ಸುಗಳ ಲೆಕ್ಕದಲ್ಲಿ ಒಂದಾಗಿ ಸೇರ್ತಾಳೆ. ನಾಳೆ ನಿಮ್ಮ ಅಮ್ಮನ ವಾರ್ಡಿಗೆ ಹಾಕಿದರೆ ಡ್ರಿಪ್‌ಗೆ ಕ್ಯಾನುಲಾ ಸೂಜಿ ಹಾಕಲು ಕೈ ನಡುಗ್ತದೆ.

ತಾಲ್ಲೂಕು ನರ್ಸಿಂಗ್ ಹೋಮ್ · ಮಂಗಳವಾರ ಮಧ್ಯಾಹ್ನ 1:20

ಎಲ್ರೂ ಮ್ಯಾನೇಜ್‌ಮೆಂಟ್‌ಗೆ ಬೈತಾರೆ ಅಂತ ಗೊತ್ತು, ಆದ್ರೂ ಬರೀತೀನಿ. 40 ಹಾಸಿಗೆ ಆಸ್ಪತ್ರೆ ನಡೆಸ್ತೀವಿ, ನಾನು ಅಕೌಂಟ್ಸ್ ಮತ್ತು ಸ್ಟಾಫ್ ನೋಡ್ಕೊಳ್ಳೋದು. ಹೊಸಬರಿಗೆ 15,000 ಕೊಡ್ತೀವಿ, ಜೊತೆಗೆ ರೂಮು ಮತ್ತು ಒಂದು ಹೊತ್ತು ಊಟ. ಕಡಿಮೆ ಅಂತ ಒಪ್ಕೋತೀನಿ. ಆಯುಷ್ಮಾನ್ ಸ್ಕೀಮಿನ ಪ್ಯಾಕೇಜ್ ರೇಟು ನೋಡಿ, ದುಡ್ಡು ಬರೋ ಹೊತ್ತು ನೋಡಿ, ಆಮೇಲೆ ಮಾತಾಡಿ.

ಕಷ್ಟಪಟ್ಟು ಕಲಿಸ್ತೀವಿ. ಬೋಧಕಿ ಮೇಡಂ ಹೇಳಿದ ಹಾಗೆ ಬಂದಾಗ ಬಿಪಿ ನೋಡೋಕೂ ತಡವರಿಸ್ತಾರೆ. ಆರು ತಿಂಗಳಲ್ಲಿ ಕೈ ಹದಕ್ಕೆ ಬರುತ್ತೆ. ಸರಿಯಾಗಿ ಎರಡು ವರ್ಷ ತುಂಬಿದ ದಿನ, "ಸರ್, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್". ದುಬೈ, ಸೌದಿ, ಮಾಲ್ಟಾ. ನಾನು ಮತ್ತೆ ಮೊದಲಿಂದ ಶುರು.

ನೈಟ್ ಡ್ಯೂಟಿ ಸಿಸ್ಟರ್ · ಮಂಗಳವಾರ ಸಂಜೆ 4:47

ಸರ್, ನಿಮ್ಮ ಮೇಲೆ ಜಗಳ ಇಲ್ಲ. ಆದ್ರೆ ನೀವು ಕೊಡೋ ಆ ಸರ್ಟಿಫಿಕೇಟೇ ಅವಳ ನಿಜವಾದ ಸಂಬಳ ಅನ್ನೋದು ನಿಮಗೂ ಗೊತ್ತು. ಗಲ್ಫ್‌ನ ಹೆಚ್ಚಿನ ಕಡೆ ಎರಡು ವರ್ಷದ ಅನುಭವ ಕೇಳ್ತಾರೆ. ಅದಕ್ಕೋಸ್ಕರ ಅವಳು 15,000ಕ್ಕೆ ಒಪ್ತಾಳೆ. ಅವಳು ಒಪ್ತಾಳೆ ಅಂತ ನೀವು ಏರಿಸಲ್ಲ. ಏರಿಸಲ್ಲ ಅಂತ ಅವಳು ಹೋಗ್ತಾಳೆ.

2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರದ ಸಮಿತಿ ಕೂತು ಶಿಫಾರಸು ಮಾಡಿತ್ತು. 200ಕ್ಕಿಂತ ಹೆಚ್ಚು ಹಾಸಿಗೆ ಇರೋ ಪ್ರೈವೇಟ್ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡ್ಬೇಕು. 100ರಿಂದ 200 ಇದ್ರೆ 10%ಗಿಂತ ಹೆಚ್ಚು ಕಡಿಮೆ ಆಗಬಾರದು, 50ರಿಂದ 100 ಇದ್ರೆ 25%. ನಿಮ್ಮಂಥ 50ಕ್ಕಿಂತ ಕಡಿಮೆ ಹಾಸಿಗೆಯವರೂ 20,000ಕ್ಕೆ ಕಡಿಮೆ ಕೊಡೋ ಹಾಗಿಲ್ಲ. ಅದು 2016ರ 20,000. ಅಕ್ಕಿ ಬೆಲೆ ಎಲ್ಲಿತ್ತು ಆಗ?

ಇನ್ನೊಂದು. ನಾನು ಕೆಲಸಕ್ಕೆ ಸೇರಿದ ಮೊದಲ ಪ್ರೈವೇಟ್ ಆಸ್ಪತ್ರೆಯಲ್ಲಿ ಹೆಸರು ಬೇಡ, ನನ್ನ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೊಂಡಿದ್ರು. ಬಿಡ್ತೀನಿ ಅಂದಾಗ ಮೂರು ತಿಂಗಳ ಸಂಬಳ ಕಟ್ಟಿಸಿಕೊಂಡು ವಾಪಸ್ ಕೊಟ್ರು. ಅಪ್ಪ ಒಂದು ಎಮ್ಮೆ ಮಾರಿದ್ರು. ಅಣ್ಣಾ, ಮಗಳಿಗೆ ಹೇಳಿ: ಒರಿಜಿನಲ್ ಯಾರ ಕೈಗೂ ಕೊಡಬಾರದು, ತೋರಿಸಿ ವಾಪಸ್ ತಗೊಬೇಕು.

ತಾಲ್ಲೂಕು ನರ್ಸಿಂಗ್ ಹೋಮ್ · ಮಂಗಳವಾರ ಸಂಜೆ 5:15

ಒರಿಜಿನಲ್ ಇಟ್ಕೊಳ್ಳೋದು ತಪ್ಪು, ನಾವು ಇಟ್ಕೊಳ್ಳಲ್ಲ. ಸಂಬಳದ ಮಾತಿಗೆ ಉತ್ತರ ಇಲ್ಲ ನನ್ನ ಹತ್ರ.

ಕೋಟ್ಟಯಂ ಚೇಚಿ · ಮಂಗಳವಾರ ರಾತ್ರಿ 8:33

ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ಕಲಿತದ್ದು ವಾರ್ಡಿನಲ್ಲಿ, ಬರೆಯಲು ಕಲಿತದ್ದು ಮಗನ ಎರಡನೇ ಕ್ಲಾಸ್ ಪುಸ್ತಕದಿಂದ.

ಇಷ್ಟು ಕಾಲೇಜು ಕರ್ನಾಟಕದಲ್ಲಿ ಯಾಕೆ ಅಂತ ಯಾರೂ ಕೇಳಲಿಲ್ಲ. ಅವು ನಮಗಾಗಿ ಬಂದವು. ಕೇರಳದಲ್ಲಿ ಸೀಟು ಕಡಿಮೆ, ಹೊರದೇಶಕ್ಕೆ ಹೋಗುವ ಆಸೆ ಜಾಸ್ತಿ. 2000ದ ಆಚೆ ಈಚೆ ಬೆಂಗಳೂರು, ಮಂಗಳೂರು, ತುಮಕೂರು ಕಡೆ ಸಾಲಾಗಿ ಕಾಲೇಜು ತೆರೆದರು. ನಾನು ಬಂದಾಗ ನನ್ನ ಕ್ಲಾಸಿನಲ್ಲಿ 50 ಜನ, ಕನ್ನಡದವರು ನಾಲ್ಕು. 2017ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಬೇಕೋ ಬೇಡವೋ ಎಂಬ ವಿಷಯ ಹೈಕೋರ್ಟಿಗೆ ಹೋದಾಗ ನಮ್ಮೂರಿನ ಅಪ್ಪ ಅಮ್ಮಂದಿರು ಲೋನ್ ಸಿಗುವುದಿಲ್ಲ ಅಂತ ಹೆದರಿದ್ದರು. ಈಗ ಬಂಗಾಳ, ಮಣಿಪುರ, ತ್ರಿಪುರದ ಮಕ್ಕಳೂ ಬರುತ್ತಾರೆ. ಕಾಲೇಜು ಇರುವುದು ಕರ್ನಾಟಕದಲ್ಲಿ, ಅಷ್ಟೇ. ಓದಿ ಮುಗಿದ ದಿನವೇ ಹೆಚ್ಚಿನವರು ಟ್ರೈನು ಹತ್ತುತ್ತಾರೆ. ಅವರನ್ನು ಕರ್ನಾಟಕದ ಲೆಕ್ಕಕ್ಕೆ ಹಿಡಿದರೆ ಹೇಗೆ?

ಭಾಷೆಯದ್ದೂ ಒಂದಿದೆ. ಮೊದಲ ವರ್ಷ ಒಬ್ಬ ಅಜ್ಜಿ "ಜೀವ ಕಸಿವಿಸಿ ಆಗ್ತಿದೆ ಮಗಾ" ಅಂದರು. ನನಗೆ ಕಸ ಅಂತ ಮಾತ್ರ ಕೇಳಿಸಿತು, ಕಸದ ಡಬ್ಬಿ ಹತ್ತಿರ ಇಟ್ಟೆ. ಪಕ್ಕದ ಬೆಡ್ಡಿನವರು ಕೂಗಿ ಹೇಳಿದ ಮೇಲೆ ಇಸಿಜಿ ತೆಗೆದೆವು. ಅಜ್ಜಿಗೆ ಏನೂ ಆಗಲಿಲ್ಲ. ಆ ಡಬ್ಬಿ ಮಾತ್ರ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಸಂಬಳದ ಬಗ್ಗೆ: ಕೇರಳದಲ್ಲಿ ನರ್ಸುಗಳು ವರ್ಷಗಟ್ಟಲೆ ಮುಷ್ಕರ ಮಾಡಿ 2018ರಲ್ಲಿ 20,000 ಮೂಲ ವೇತನದ ಆದೇಶ ತೆಗೆದರು. ಇಲ್ಲಿ ಯೂನಿಯನ್ ಅಂದರೆ ಎಚ್‌ಆರ್‌ನವರು ಕರೆದು ಚಹಾ ಕೊಡುತ್ತಾರೆ, ಮುಂದಿನ ತಿಂಗಳು ಡ್ಯೂಟಿ ಲಿಸ್ಟಿನಲ್ಲಿ ಬರೀ ನೈಟ್.

ಹಾಸನದವ · ಮಂಗಳವಾರ ರಾತ್ರಿ 9:01

ಕನ್ನಡದವ್ರು ನಾಲ್ಕೇ ಜನ ಇದ್ದಿದ್ಯಾಕೆ ಅಂತ ನಮ್ಮನ್ನೇ ನಾವು ಕೇಳ್ಕೊಬೇಕು. ನಮ್ಮತ್ತೆ ಮಗಳು ಜಿಎನ್‌ಎಂ ಮಾಡ್ತೀನಿ ಅಂದಾಗ, "ಕಂಡೋರ ಮೈ ತೊಳೆಯೋ ಕೆಲಸ, ನಾಳೆ ಗಂಡು ಯಾರು ಬರ್ತಾರೆ" ಅಂತ ಮನೇಲಿ ಕೂರಿಸಿದ್ರು. ಈಗ ಅದೇ ಮನೆಗೆ ಸರ್ಕಾರಿ ಕೆಲಸದ ನರ್ಸ್ ಸೊಸೆ ಬೇಕಂತೆ!

ಡಬ್ಲಿನ್ ಮಳೆ · ಬುಧವಾರ ಬೆಳಗಿನ ಜಾವ 2:14

ನಾನು ಚಿಕ್ಕಮಗಳೂರಿನವಳು, ಐರ್ಲೆಂಡಲ್ಲಿ ಐದನೇ ವರ್ಷ. ಬ್ರೇಕಲ್ಲಿ ಕೂತು ಓದ್ತಿದೀನಿ.

ಹೊರಗೆ ಹೋದೋರು ದುಡ್ಡಿಗೆ ಹೋದ್ರು ಅಂತಾರೆ. ಹೌದು, ದುಡ್ಡಿಗೇ. ಆದ್ರೆ ನಾನು ಇಲ್ಲಿಗೆ ಬಂದ ಮೊದಲ ವಾರ ಶಿಫ್ಟ್ ಬದಲಾಗೋವಾಗಿನ ಹ್ಯಾಂಡೋವರ್‌ನಲ್ಲಿ ನನಗೆ ಆರು ಪೇಷೆಂಟ್ ಕೊಟ್ರು. "ಉಳಿದೋರು ಯಾರಿಗೆ?" ಅಂತ ಕೇಳಿದೆ. ಬೆಂಗಳೂರಲ್ಲಿ 24 ಜನರನ್ನ ನೋಡಿ ಬಂದವಳು ನಾನು. ಆರೇ ಜನ ಅಂದಾಗ ಅವರ ಹೆಸರು ನೆನಪಿರುತ್ತೆ, ಯಾರು ಸಕ್ಕರೆ ಹಾಕದ ಟೀ ಕುಡೀತಾರೆ ಅಂತ ಗೊತ್ತಿರುತ್ತೆ. ಕಾಲೇಜಲ್ಲಿ ಕೇರ್ ಪ್ಲಾನ್ ಅಂತ ಪುಟಗಟ್ಟಲೆ ಬರೆಸ್ತಿದ್ರಲ್ಲ, ಅದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಇಲ್ಲಿ.

ಬರೋ ದಾರಿ ಸುಲಭ ಅಲ್ಲ. ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ, ಅಲ್ಲಿಂದ ಇಲ್ಲಿನ ನರ್ಸಿಂಗ್ ಬೋರ್ಡ್, ಆಮೇಲೆ ಆಪ್ಟಿಟ್ಯೂಡ್ ಟೆಸ್ಟ್ ಇಲ್ಲಾ ಅಡಾಪ್ಟೇಶನ್ ಅನ್ನೋ ಆಸ್ಪತ್ರೆ ತರಬೇತಿ. ಜರ್ಮನಿಗೆ ಹೋಗೋರು ಬಿ2 ತನಕ ಭಾಷೆ ಕಲೀಬೇಕು. ಗಲ್ಫ್‌ಗೆ ಹೋಗೋರು ಏಜೆಂಟ್‌ಗೆ ಲಕ್ಷ ಸುರೀಬೇಡಿ, 2015ರಿಂದ ಇಸಿಆರ್ ಪಟ್ಟಿಯ (ವಲಸೆ ಅನುಮತಿ ಬೇಕಾದ) ದೇಶಗಳಿಗೆ ನರ್ಸ್ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗ್ಬೇಕು ಅಂತ ಇದೆ. ಕೇರಳಕ್ಕೆ ನೋರ್ಕಾ ಅನ್ನೋ ಸರ್ಕಾರಿ ಸಂಸ್ಥೆ ಇದೆ, ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಅಂತ ಒಂದಿದೆ. ಮೊದಲು ಅಲ್ಲಿ ಹೋಗಿ ಕೇಳಿ.

ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯ್ತು. ವಿಡಿಯೋ ಕಾಲಲ್ಲಿ ನೋಡ್ತಾ ಇದ್ದೆ, ಅಪ್ಪನ ಬೆಡ್ ಹತ್ರ ಎರಡು ಗಂಟೆ ಯಾರೂ ಬರ್ಲಿಲ್ಲ. ಆ ವಾರ್ಡಲ್ಲಿ ಇರಬೇಕಾಗಿದ್ದ ನರ್ಸ್ ನಾನೇ ಅಲ್ವಾ ಅನ್ನಿಸ್ತು. ಬ್ರೇಕ್ ಮುಗೀತು, ಬರ್ತೀನಿ.

ಕಲಬುರಗಿ ಬ್ರದರ್ · ಬುಧವಾರ ಬೆಳಿಗ್ಗೆ 7:20

ಡಬ್ಲಿನ್ ಅಕ್ಕಾ, ಮನಸ್ಸಿಗಿ ಹಚ್ಕೋಬ್ಯಾಡ. ನೀ ಇಲ್ಲೇ ಇದ್ರೂ ನಿನಗ ಆ ವಾರ್ಡಿನಾಗ ಹುದ್ದೆ ಇರ್ತಿರಲಿಲ್ಲ.

ಕಡಲೂರ ಬೋಧಕಿ · ಬುಧವಾರ ಬೆಳಿಗ್ಗೆ 8:02

ಕೇಂದ್ರದವರು 2023ರಲ್ಲಿ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜು ಅಂತ ಒಪ್ಪಿಗೆ ಕೊಟ್ಟರಲ್ಲ, ಮೆಡಿಕಲ್ ಕಾಲೇಜುಗಳ ಪಕ್ಕದಲ್ಲೇ, ವರ್ಷಕ್ಕೆ 15,700 ಸೀಟು. ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಇರುವುದರಿಂದ ಕಲಿಕೆಗೆ ಒಳ್ಳೆಯದು. ಆದರೆ ಸೀಟಿನ ಜೊತೆ ವಾರ್ಡಿನಲ್ಲಿ ಹುದ್ದೆ ಬಾರದಿದ್ದರೆ ಡಬ್ಲಿನ್‌ಗೆ ಇನ್ನಷ್ಟು ಮಂದಿ, ಅಷ್ಟೇ. ಸರ್ಕಾರ ನಿಜವಾಗಿ ಬಿ.ಎಸ್ಸಿ. ಮಕ್ಕಳಿಗೆ ಕೆಲಸ ಕೊಟ್ಟದ್ದು ನಾನು ನೋಡಿದ ಹಾಗೆ ಸಿಎಚ್‌ಒ ಮಾಡಿದಾಗ. ಉಪಕೇಂದ್ರಗಳಲ್ಲಿ ಶುಗರ್ ಬಿಪಿ ನೋಡಲು ಸಮುದಾಯ ಆರೋಗ್ಯ ಅಧಿಕಾರಿ ಅಂತ. ನನ್ನ ಹಳೆ ವಿದ್ಯಾರ್ಥಿನಿ ಒಬ್ಬಳು ಯಾದಗಿರಿ ಕಡೆ ಇದ್ದಾಳೆ. ಅದೂ ಗುತ್ತಿಗೆಯೇ.

ಸರ್, ನಿಮ್ಮ ಪ್ರಶ್ನೆಗೆ ಬರ್ತೇನೆ. 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸಿಇಟಿ ಮೂಲಕ ಸೀಟು ಕೊಡ್ತದೆ, ಅದು ಒಳ್ಳೆಯದಾಯಿತು. ಮೊದಲು ಸರ್ಕಾರಿ ಕಾಲೇಜುಗಳನ್ನು ಹಾಕಿ, ಬೆಂಗಳೂರಿನ ಫೋರ್ಟ್, ಹಾಸನ, ಹೀಗೆ. ಆಮೇಲೆ ಸ್ವಂತ ಆಸ್ಪತ್ರೆ ಇರುವ ಹಳೆ ಕಾಲೇಜು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು ಉಂಟಾ, ರಾಜ್ಯ ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಉಂಟಾ ನೋಡಿ. ಬಣ್ಣದ ಬ್ರೋಷರ್ ನೋಡಬೇಡಿ. ಪೇರೆಂಟ್ ಹಾಸ್ಪಿಟಲ್‌ಗೆ ಹೇಳದೆ ಕೇಳದೆ ರಾತ್ರಿ ಒಂಬತ್ತಕ್ಕೆ ಹೋಗಿ, ಹಾಸಿಗೆ ಎಣಿಸಬೇಡಿ, ಹಾಸಿಗೆ ಮೇಲಿನ ಮನುಷ್ಯರನ್ನು ಎಣಿಸಿ.

ರಾಣೇಬೆನ್ನೂರು ಅಪ್ಪ · ಭಾನುವಾರ ರಾತ್ರಿ 8:40

ಬೋಧಕಿ ಅಕ್ಕಾರ, ನೀವು ಹೇಳಿದಂಗ ಮಾಡಿದೆ. ಏಜೆಂಟ್ ಹೇಳಿದ ಕಾಲೇಜಿನ ದವಾಖಾನಿಗೆ ಶುಕ್ರವಾರ ರಾತ್ರಿ ಹೋದೆ. ವಾಚ್‌ಮನ್ ಒಳಗ ಬಿಡಲಿಲ್ಲ. ಬೀಗರು ಅಡ್ಮಿಟ್ ಆಗ್ಯಾರ ಅಂತ ಸುಳ್ಳು ಹೇಳಿ ಎರಡನೇ ಮಾಳಿಗಿಗೆ ಏರಿದೆ. ಸಾಲಾಗಿ 40 ಕಾಟು, ಹೊಸಾ ಚಾದರ, ಒಂದರ ಮ್ಯಾಲೂ ಮನಷ್ಯಾ ಇಲ್ಲ. ಕಡೀ ಕಾಟಿನ ಮ್ಯಾಲ ಒಂದು ಬೆಕ್ಕು ಮಲಗಿತ್ತು.

ಶನಿವಾರ ಇನ್ನೊಂದಕ್ಕ ಹೋದೆ, ಹಳೇದು, ಬಣ್ಣ ಹಾರೇತಿ, ಲಿಫ್ಟ್ ಇಲ್ಲ. ವಾರ್ಡಿನಾಗ ಕಾಲಿಡಾಕ ಜಾಗ ಇರಲಿಲ್ಲ. ಮೂರನೇ ವರ್ಷದ ಹುಡುಗಿ ಒಬ್ಬಾಕಿ ಮುದುಕನ ಕಾಲಿಗೆ ಡ್ರೆಸಿಂಗ್ ಮಾಡಾಕ ಹತ್ತಿದ್ದಳು, ಬಾಜೂಕ ಮೇಡಂ ನಿಂತು ಒಂದೊಂದೂ ತಿದ್ದಾಕ ಹತ್ತಿದ್ರು. ಮಗಳು ಬಾಗಲದಾಗ ನಿಂತು ಪೂರಾ ಮುಗಿಯೂತನಕ ನೋಡಿದಳು. ಬಸ್ಸಿನಾಗ ಏನೂ ಮಾತಾಡಲಿಲ್ಲ. ಮನಿಗೆ ಬಂದು ಆಪ್ಷನ್ ಪಟ್ಟಿ ಬರಿಯಾಕ ಕುಂತಳು. ಮೊದಲ ಎರಡು ಸರ್ಕಾರಿ, ಮೂರನೇದು ಇದು.

ಅವ್ವ ಈಗ ವಾಕರ್ ಹಿಡದು ನಾಲ್ಕು ಹೆಜ್ಜಿ ಹಾಕ್ತಾಳ. ಬೆನ್ನಿನಾಗ ಹುಣ್ಣಾಗಿಲ್ಲ.

ಮಗಳು ಸೀಟು ಸಿಗೋದ್ರೊಳಗ ಸಾಮಾನು ಏನೇನು ಬೇಕು ಹೇಳ್ರಿ ಅಂತ ಕೇಳಾಕ ಹತ್ತ್ಯಾಳ.

ನೈಟ್ ಡ್ಯೂಟಿ ಸಿಸ್ಟರ್ · ಭಾನುವಾರ ರಾತ್ರಿ 9:26

ಸೆಕೆಂಡ್ ಮುಳ್ಳಿರೋ ವಾಚು, ಡಿಜಿಟಲ್ ಬೇಡ, ನಾಡಿ ಎಣಿಸೋಕೆ ಮುಳ್ಳಿಂದೇ ಸುಲಭ. ಸಣ್ಣ ಕತ್ತರಿ. ಜೇಬಿಗೆ ಹಿಡಿಯೋ ನೋಟ್‌ಬುಕ್ಕು. ಬಿಳಿ ಶೂ ಎರಡು ಜೊತೆ, ಅದ್ರಲ್ಲಿ ಒಂದು ಜೊತೆ ಒಂದು ನಂಬರ್ ದೊಡ್ಡದು ಇರ್ಲಿ ಅಣ್ಣ. ನೈಟ್ ಡ್ಯೂಟೀಲಿ ಬೆಳಗಾಗೋ ಹೊತ್ತಿಗೆ ಕಾಲು ಊದ್ಕೊಂಡಿರುತ್ತೆ.